ಅಕ್ಕ ತಿದ್ದಿದ ಕಥೆ

ನಾನು ಬರೆದ ಮಕ್ಕಳ ಕಥೆಯ ಪುಸ್ತಕ ಕೊನೆಗೂ ಕೈಗೆ ಬಂತು. ಮಗ ಮತ್ತೆ ಸ್ಕೂಲಿಗೆ ಹೋಗಲು ಶುರು ಮಾಡಿ ಎರಡು ತಿಂಗಳಾಯಿತು. ಕಳೆದ ವರ್ಷ ಅವನು ಆಸ್ಪತ್ರೆ ಸೇರಿದಾಗ ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆ ರಿಪೋರ್ಟು, ಸ್ಕ್ಯಾನು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು, ಇವತ್ತು ಹೇಳಿಬಿಡುತ್ತೇನೆ.

ರಕ್ತ ಕೊಡಲು ಬೆಳಗಿನ ಜಾವವೇ ಬಂದು ನಿಂತ ಹುಡುಗರಿಗೆ, ಎಂಟು ತಿಂಗಳು ಒಂದು ಸಲವೂ ಹಸ್ತಪ್ರತಿ ಕೇಳದ ಪ್ರಕಾಶಕರಿಗೆ, ಮಗಳಿಗೆ ಊಟ ಹಾಕಿ ಹೋಂವರ್ಕನ್ನೂ ಮಾಡಿಸಿದ ಎದುರು ಮನೆಯವರಿಗೆ, ನನ್ನ ಕಾಟಕ್ಕೆ ಹೆಜ್ಜಾರ್ಲೆಯ (ಪೆಲಿಕನ್ ಹಕ್ಕಿಯ) ಕೊಕ್ಕಿನ ಚೀಲವನ್ನು ಆರು ಸಲ ಬರೆದುಕೊಟ್ಟ ಚಿತ್ರಕಾರರಿಗೆ ತುಂಬಾ ಥ್ಯಾಂಕ್ಸ್. ನನ್ನ ಗಂಡನಿಗೆ ಈ ಒಂದೇ ವಾಕ್ಯ ಸಿಗುತ್ತಿದೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಉಳಿದಿದ್ದೆಲ್ಲ ಅಕ್ಕನಿಗೆ.

ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಹದಿಮೂರು ವರ್ಷದಲ್ಲಿ ನಾವಿಬ್ಬರೂ ಜಗಳ ಆಡಿದ್ದೂ ಇಲ್ಲ, ಮನಸ್ಸು ಬಿಚ್ಚಿ ಮಾತಾಡಿದ್ದೂ ಇಲ್ಲ. ನಾನು ಬೆಳಗ್ಗೆ ನಾಲ್ಕೂವರೆಗೆ ಎದ್ದು ಊಟದ ಮೇಜಿನ ಮೇಲೆ ಬರೆಯುತ್ತೇನೆ. ಆರಕ್ಕೆ ಕುಕ್ಕರ್ ಇಟ್ಟರೆ ಆವತ್ತಿನ ಸಾಹಿತ್ಯ ಮುಗೀತು. ಒಮ್ಮೆ ಹಬ್ಬಕ್ಕೆ ಬಂದಾಗ ಅಕ್ಕ ಇದನ್ನು ನೋಡಿ, "ಮಕ್ಕಳ ಕತೆಗೂ ಇಷ್ಟೊಂದು ಯೋಚ್ನೆ ಬೇಕಾ?" ಅಂದಿದ್ದರು. ಅದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಇದೇ ಮಾತನ್ನು ದೊಡ್ಡ ಸಾಹಿತಿಗಳೂ ಹೇಳುತ್ತಾರೆ, ಆದರೆ ಅವರ ಮೇಲೆ ಅಷ್ಟು ಕೋಪ ಬರುವುದಿಲ್ಲ. ಯಾಕೋ.

ಅಕ್ಕನ ತವರು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕು, ಶಿಂಷಾ ನದಿಗೆ ಹತ್ತಿರ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರ ಹೊರಗಲ್ಲ, ಮನೆಗಳ ನೆತ್ತಿಯ ಮೇಲಿನ ಹುಣಸೆ ಮರಗಳಲ್ಲಿ. ಮರಿ ಇರುವ ಮರದ ಹುಣಸೆಯನ್ನು ಯಾರೂ ಬಡಿಯುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ದುಡ್ಡು ಕೊಡುತ್ತದೆ, ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಊರಿನವರಿಗೆ ಅದೆಲ್ಲ ಆಮೇಲಿನ ಮಾತು. ಅವರ ಲೆಕ್ಕದಲ್ಲಿ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು.

ನನ್ನ ಪುಸ್ತಕದ ಊರು ಅದೇ. ಮದುವೆಯಾದ ಹೊಸತರಲ್ಲಿ ಅಕ್ಕನ ಜೊತೆ ಒಂದೇ ಒಂದು ಸಲ ಹೋಗಿದ್ದೆ. ಆಮೇಲೆ ಫೋಟೊ ನೋಡಿಕೊಂಡು, ಅಲ್ಲಿ ಇಲ್ಲಿ ಓದಿಕೊಂಡು ಬರೆಯುತ್ತಿದ್ದೆ. ಆ ಮರಗಳ ಕೆಳಗೇ ಬೆಳೆದ ಹೆಂಗಸು ನಮ್ಮ ಮನೆಯವರೇ. ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಮಗ ಆಸ್ಪತ್ರೆಯಲ್ಲಿದ್ದಾಗ ಒಂದು ಶನಿವಾರ ರಾತ್ರಿ ಡಾಕ್ಟರು "ಬೆಳಗಿನವರೆಗೆ ನೋಡೋಣ" ಅಂದು ಒಳಗೆ ಹೋದರು. ಗಂಡ ಮನೆಯಲ್ಲಿ ಮಗಳ ಜೊತೆ ಇರಲೇಬೇಕಿತ್ತು. ಒಂಬತ್ತೂವರೆ ಹೊತ್ತಿಗೆ ಅಕ್ಕ ಬಂದರು, ಕೈಯಲ್ಲಿ ಸ್ಟೀಲ್ ಕ್ಯಾರಿಯರ್. ಮುದ್ದೆ, ಉಪ್ಸಾರು. ನನಗೆ ಬೇಡ ಅಂದೆ. ವಾದ ಮಾಡಲಿಲ್ಲ. ಮುದ್ದೆ ಮುರಿದು, ಸಾರಿಗೆ ಅದ್ದಿ, ನನ್ನ ಬಾಯಿ ಮುಂದೆ ಹಿಡಿದು ಕೂತರು. ತಿನ್ನುವವರೆಗೂ ಕೈ ಇಳಿಸಲಿಲ್ಲ.

ಎರಡು ಗಂಟೆ ಹೊತ್ತಿಗೆ ನನ್ನ ಕಾಲು ನಡುಗಲು ಶುರುವಾಯಿತು. ಅಕ್ಕ ನನ್ನ ಬ್ಯಾಗಿನಿಂದ ಕಥೆಯ ಹಾಳೆಗಳನ್ನು ಎಳೆದು, "ಇದ್ನ ಓದು" ಅಂದರು.

"ಈಗಲಾ ಅಕ್ಕ?"

"ಇನ್ಯಾವಾಗ? ಬೆಳಗಾಗ್ಬೇಕಲ್ಲ."

ಓದಿದೆ. ಕಾರಿಡಾರಿನ ಆ ತುದಿಯಲ್ಲಿದ್ದ ವಾಚ್‌ಮನ್ ಕೂಡ ಕುರ್ಚಿ ಹತ್ತಿರ ಎಳೆದುಕೊಂಡರು. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಯನ್ನು ತಾಯಿ ಕೆಳಗಿಳಿದು ಬಂದು, ಕೊಕ್ಕಿನ ಚೀಲದಲ್ಲಿ ಕೂರಿಸಿಕೊಂಡು ಮೇಲೆ ಹಾರುತ್ತದೆ. ನನಗೆ ತುಂಬಾ ಇಷ್ಟವಾದ ಪುಟ ಅದು. ಅಕ್ಕ ಕೈ ಅಡ್ಡ ಹಿಡಿದರು.

"ತಪ್ಪು ಕಣಮ್ಮಿ. ಬಿದ್ದ ಮರಿಗೆ ತಾಯಿ ಇಳ್ದು ಬರಾಕಿಲ್ಲ."

"ಯಾಕೆ?"

"ಆಗಾಕಿಲ್ಲ ಅದ್ಕೆ. ಮ್ಯಾಲಿಂದ ನೋಡ್ತಾ ಕೂತಿರ್ತದೆ, ಅಷ್ಟೆಯಾ. ಬಿದ್ದ ಮರಿನ ಊರ್ನೋರೇ ಎತ್ಕಂಡು, ಮೀನಾಕಿ ಸಾಕೋದು. ರೆಕ್ಕೆ ಬಲ್ತ ಮ್ಯಾಲೆ ಬುಡೋದು."

ಆಗ ನಾನು ಅತ್ತುಬಿಟ್ಟೆ. ಹನ್ನೊಂದು ದಿನದಲ್ಲಿ ಅದೇ ಮೊದಲು. ಗಾಜಿನ ಬಾಗಿಲ ಆಚೆ ಮಗ ಇದ್ದ, ಈಚೆ ನಾನು. ಅಷ್ಟು ದಿನವೂ ನಾನು ಮಾಡಿದ್ದು ಅದೇ, ನೋಡುತ್ತಾ ಕೂತಿದ್ದು. ಅವನ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬಾಯಿಗೆ ಒದ್ದೆ ಹತ್ತಿ ಹಿಡಿಯುವುದು, ಎಲ್ಲ ಯಾರ್ಯಾರೋ. ಅವರಲ್ಲಿ ಅರ್ಧ ಜನರ ಮುಖವೂ ನಾನು ಪೂರ್ತಿ ನೋಡಿಲ್ಲ, ಮಾಸ್ಕ್ ಇರುತ್ತಿತ್ತು. ಎಷ್ಟು ಹೊತ್ತು ಅತ್ತೆನೋ. ಅಕ್ಕ ಸಮಾಧಾನ ಮಾಡಲಿಲ್ಲ. ಒದ್ದೆಯಾದ ಹಾಳೆಯನ್ನು ಸೆರಗಿನಿಂದ ಒತ್ತಿ ಒರೆಸಿದರು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ?" ಅಂದರು.

ಬೆಳಗ್ಗೆ ಆರಕ್ಕೆ ನರ್ಸ್ ಬಾಗಿಲು ತೆರೆದಾಗ ಅಕ್ಕ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಲುಗಾಡಿಸಿ, "ಅಕ್ಕ, ನೀರು ಕೇಳ್ತಿದ್ದಾನಂತೆ" ಅಂದೆ. ಕಣ್ಣು ಬಿಡದೆಯೇ, "ಕೊಟ್ರಂತಾ?" ಅಂದರು.

ಪುಸ್ತಕದ ಕೊನೆಯ ಅಧ್ಯಾಯ ಪೂರ್ತಿ ಬದಲಾಯಿತು. ಈಗ ತಾಯಿ ಹಕ್ಕಿ ಕೊಂಬೆಯ ಮೇಲೇ ಇರುತ್ತದೆ. "ತಾಯಿ ಬರದಿದ್ದರೆ ಮಕ್ಕಳಿಗೆ ಬೇಜಾರಾಗಲ್ವಾ?" ಅಂತ ಪ್ರಕಾಶಕರು ಕೇಳಿದರು. ನನಗೂ ಅನುಮಾನವಿತ್ತು. ಮಗನಿಗೆ ಓದಿದೆ. ಅವನು ಕೇಳಿದ್ದು ಒಂದೇ, "ಆ ಮರಿ ದಿನಕ್ಕೆ ಎಷ್ಟು ಮೀನು ತಿನ್ನುತ್ತೆ?" ಅಕ್ಕನಿಗೆ ಫೋನ್ ಮಾಡಿಸಿದೆ. "ಕೊಟ್ಟಷ್ಟೂ" ಅಂದರು. ಆ ಉತ್ತರ ಹಾಗೇ ಪುಸ್ತಕದಲ್ಲಿದೆ.

ಮಗ ಮನೆಗೆ ಬಂದ ಮೇಲೆ ಅಕ್ಕ ನಲವತ್ತು ದಿನ ನಮ್ಮ ಜೊತೆ ಇದ್ದರು. ನಾಲ್ಕೂವರೆಗೆ ನನಗಿಂತ ಮೊದಲೇ ಎದ್ದು, ನಾನು ಒಲೆಯ ಹತ್ತಿರ ಹೋದರೆ "ನಿಂದು ಅಲ್ಲೈತಲ್ಲ" ಅಂತ ಮೇಜಿನ ಕಡೆ ಕೈ ತೋರಿಸುತ್ತಿದ್ದರು. ಮನೆ, ಮಕ್ಕಳು, ಬರವಣಿಗೆ ಎಲ್ಲ ಹೇಗೆ ನಿಭಾಯಿಸುತ್ತೀರಿ ಅಂತ ಕಾರ್ಯಕ್ರಮಗಳಲ್ಲಿ ಕೇಳಿದಾಗ ನಾನು ಟೈಮ್‌ಟೇಬಲ್ ಹೇಳುತ್ತಿದ್ದೆ. ಕೇಳಿಸಿಕೊಂಡವರು ದಯವಿಟ್ಟು ಅದನ್ನು ಮರೆತುಬಿಡಿ. ನನ್ನ ಕುಕ್ಕರ್ ಇನ್ನೊಬ್ಬರು ಇಟ್ಟಿದ್ದರಿಂದ ಆದ ಪುಸ್ತಕ ಇದು.

ಮೊನ್ನೆ ಅಕ್ಕನ ಫೋನ್ ಬಂತು. "ಬಂದವೆ. ನೀವ್ಯಾವಾಗ ಬತ್ತೀರಿ?" ಈ ಭಾನುವಾರ ಎಲ್ಲರೂ ಹೋಗುತ್ತಿದ್ದೇವೆ. ಮಗ ಎರಡು ದಿನದಿಂದ ಟೋಪಿ ಹುಡುಕುತ್ತಿದ್ದಾನೆ. ಬಿಸಿಲಿಗಲ್ಲ. ಹೆಜ್ಜಾರ್ಲೆ ಮರದ ಕೆಳಗೆ ಬರಿತಲೆಯಲ್ಲಿ ನಿಂತರೆ ಏನಾಗುತ್ತದೆ ಅಂತ ದೊಡ್ಡಮ್ಮ ಆಗಲೇ ಹೇಳಿದ್ದಾರೆ.