ಮೊದಲು ಎಳೆ ನೋಡು

ಚಿ. ಮೇಧಾಳಿಗೆ ಸೋದರಮಾವನ ಆಶೀರ್ವಾದಗಳು.

ಕೈರೋದ ಕಾಪ್ಟಿಕ್ (ಈಜಿಪ್ಟಿನ ಕ್ರೈಸ್ತರ) ಮ್ಯೂಸಿಯಂಗೆ ಹೊರಟಿರುವುದು ತಿಳಿದು ಬಹಳ ಸಂತೋಷವಾಯಿತು. ಅಲ್ಲಿನ ಹಳೆಯ ನೇಯ್ಗೆ ಬಟ್ಟೆಗಳ ಬಗ್ಗೆ ನಿನ್ನ ಪ್ರಬಂಧದ ಕರಡು ಓದಿದೆ. ದ್ರಾಕ್ಷಿ ಬಳ್ಳಿ, ಮೊಲ, ಕುಣಿಯುವ ಹೆಣ್ಣು, ಶಿಲುಬೆ ಎಂದು ಚಿತ್ರಗಳ ಬಗ್ಗೆಯೇ ಬರೆದಿದ್ದೀಯ. ಬಟ್ಟೆಯ ಮಾತೇ ಇಲ್ಲ. ಹೊರಡುವ ಮುಂಚೆ ಇದನ್ನು ಸರಿಪಡಿಸಿಕೋ.

ಆ ಚಿತ್ರಗಳಲ್ಲಿ ಹೆಚ್ಚಿನವು ನೀನು ಬರೆದಂತೆ ಕಸೂತಿಯಲ್ಲ, ಮಗ್ಗದ ಮೇಲೆಯೇ ಮೂಡಿದವು. ಬಣ್ಣ ಹಾಕದ ಲಿನನ್ (ಅಗಸೆ ನಾರಿನ ಬಟ್ಟೆ) ನೇಯುತ್ತ ಬಂದು, ಅಲಂಕಾರ ಬೇಕಾದ ಕಡೆ ಹಾಸಿನ, ಅಂದರೆ ಮಗ್ಗಕ್ಕೆ ಬಿಗಿದ ಉದ್ದದ ಎಳೆಗಳನ್ನು ಎರಡು ಮೂರರಂತೆ ಕೂಡಿಸಿ, ಬಣ್ಣದ ಉಣ್ಣೆಯನ್ನು ಹೊಕ್ಕಾಗಿ, ಅಂದರೆ ಅಡ್ಡ ಎಳೆಯಾಗಿ ಹಾಯಿಸಿ, ಹಾಸು ಕಾಣದಂತೆ ಒತ್ತಾಗಿ ಬಡಿದಿದ್ದಾರೆ. ಅಗಸೆ ನಾರು ಬಣ್ಣ ಹಿಡಿಯುವುದು ಕಷ್ಟ, ಉಣ್ಣೆಗೆ ಅದು ಸುಲಭ. ಆದ್ದರಿಂದಲೇ ಈ ಜೋಡಿ. ಅರಸರ ಉಡುಗೆಯನ್ನು ನೆನಪಿಸುವ ನೇರಳೆ ಕೂಡ ಬಹುಪಾಲು ದುಬಾರಿಯಾದ ಕಡಲ ಬಸವನಹುಳುವಿನದಲ್ಲ; ನೀಲಿಗೆ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಸೇರಿಸಿ ತಂದದ್ದು. ಆ ಗಾಢ ಬಣ್ಣದ ಮೇಲೆ ಬಿಳಿ ಲಿನನ್ನಿನ ಒಂದೇ ಎಳೆ ಮೊಲದ ಕಿವಿಯನ್ನೋ ಎಲೆಯ ನರವನ್ನೋ ಬಿಡಿಸುತ್ತ ಹೋಗಿರುತ್ತದೆ. ನೇಯ್ಗೆ ಸಾಗುತ್ತಿರುವಾಗಲೇ ಬೇರೆಯಾಗಿ ಹಾಯಿಸಿದ ಎಳೆ ಅದು. ಎಂಥ ಕೈ ಇದ್ದಿರಬೇಕು! ಅವಸರಪಡದೆ ನೋಡು.

ಇನ್ನೊಂದು ಮಾತು. ಅನೇಕ ನಿಲುವಂಗಿಗಳನ್ನು ಒಂದು ತೋಳಿನಿಂದ ಇನ್ನೊಂದು ತೋಳಿನವರೆಗೆ, ಶಿಲುಬೆಯಾಕಾರದ ಒಂದೇ ತುಂಡಾಗಿ ನೇಯ್ದು, ಕುತ್ತಿಗೆಗೆ ಸೀಳು ಬಿಟ್ಟು, ಮಡಿಸಿ, ಪಕ್ಕಗಳನ್ನು ಹೊಲಿಯುತ್ತಿದ್ದರು. ಹಾಗಾಗಿ ತೊಟ್ಟವರ ಎದೆಯ ಪಟ್ಟಿಗಳಲ್ಲಿ ನೆಟ್ಟಗೆ ನಿಲ್ಲುವ ಮನುಷ್ಯರು ನೇಕಾರನ ಕಣ್ಣಿಗೆ ಅಡ್ಡಲಾಗಿ ಮಲಗಿದ್ದರು. ಮುಖ, ಕೈಕಾಲುಗಳನ್ನು ಹಾಗೆಯೇ ಅಡ್ಡಲಾಗಿ ಊಹಿಸಿಕೊಂಡು ನೇಯಬೇಕಿತ್ತು.

ಸಮಾಧಿಗಳಲ್ಲಿ ಒಣ ಮರಳು ನೂರಾರು ವರ್ಷ ಕಾಪಾಡಿದ ಈ ಬಟ್ಟೆಗಳನ್ನು ಮನುಷ್ಯರು ಉಳಿಸಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಅಖ್ಮೀಮ್, ಆಂಟಿನೋಯಿಯಂಥ ಕಡೆ ಸಮಾಧಿಗಳನ್ನು ಅಗೆದಾಗ, ಬಣ್ಣದ ಚಿತ್ರಗಳಿದ್ದ ವೃತ್ತ, ಚೌಕಗಳನ್ನಷ್ಟೇ ಕತ್ತರಿಸಿ ಮಾರಿದವರು ಬಹಳ. ಸಾದಾ ಲಿನನ್ ಕಸವಾಯಿತು. ಒಂದೇ ಅಂಗಿಯ ತುಂಡುಗಳು ಬೇರೆ ಬೇರೆ ಮ್ಯೂಸಿಯಂಗಳ ಪಾಲಾದವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ವೃತ್ತದ ಸುತ್ತ ಬೆರಳಗಲ ಲಿನನ್ ಉಳಿದಿದ್ದರೂ ಅಲ್ಲಿ ನಿಲ್ಲು. ಹಾಸು ಯಾವ ದಿಕ್ಕಿಗಿದೆ, ಎಳೆಗಳನ್ನು ಎಲ್ಲಿ ಜೋಡಿಸಿದ್ದಾರೆ, ಬರೆದುಕೋ. ಫೋಟೊ ತೆಗೆಯಲು ಬಿಟ್ಟರೆ ಉಣ್ಣೆ ಮುಗಿದು ಲಿನನ್ ಶುರುವಾಗುವ ಗೆರೆಯದೊಂದು ನನಗೂ ಕಳುಹಿಸು.

ಇಂತಿ,
ನಿನ್ನ ಸೋದರಮಾವ