ಮುಂಡಗೋಡದಲ್ಲಿ ಇಳಿದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲೇ ಇಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಆಯಿಯ ಪಕ್ಕ ಕೂತಿದ್ದಿರಿ. ತಲೆಗೆ ಸುತ್ತಿದ ಬಟ್ಟೆ ನೋಡಿಯೇ ನಿಮಗೆ ಗೊತ್ತಾಗಿರಬೇಕು.

ಕ್ಯಾನ್ಸರಿಗೆ ಕೊಡುವ ಕೀಮೋ ಎರಡನೇ ಸಲ ಆಗಿ ವಾರ ಕಳೆದಿತ್ತು. ಬಾಯಿ ತುಂಬಾ ಹುಣ್ಣು. ಅಪ್ಪೆಹುಳಿ ಇಲ್ಲದೆ ಊಟ ಮುಗಿಸದ ಆಯಿಗೆ ಬರೀ ನೀರು ಕುಡಿದರೂ ಉರಿ. ನಾನು ಸುಮ್ನೆ ಅಂಗಡಿಯಿಂದ ಮೌತ್‌ವಾಶ್ ತಂದುಕೊಟ್ಟಿದ್ದೆ. "ಮೊದಲು ಅದನ್ನು ಬಿಡಿಸಿ. ಆಲ್ಕೋಹಾಲ್ ಇದ್ದರೆ ಉರಿ ಜಾಸ್ತಿ ಆಗುತ್ತೆ" ಅಂದಿರಿ.

ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟಿರಿ. ಕುದಿಸಿ ಆರಿಸಿದ ನೀರು 1 ಲೀಟರ್, ಉಪ್ಪು 1 ಟೀ ಚಮಚ, ಅಡುಗೆ ಸೋಡಾ 1 ಟೀ ಚಮಚ. ಬೇಕಿಂಗ್ ಪೌಡರ್ ಅಲ್ಲ ಅಂತ ಕೆಳಗೆ ಗೆರೆ ಬೇರೆ! (ನಾನು ಅದನ್ನೇ ತರುವವನಿದ್ದೆ.) ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಬ್ರಶ್ ಮೆತ್ತಗಿರಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು.

ಡಾಕ್ಟರಿಗೆ ಚೀಟಿ ತೋರಿಸಿದೆ. ಸರಿಯಾಗಿದೆ ಅಂದರು, ಊಟಕ್ಕೆ ಮೊದಲು ಹಚ್ಚಲು ಮರಗಟ್ಟಿಸುವ ಜೆಲ್ ಕೂಡ ಕೊಟ್ಟರು. ಹುಣ್ಣಾಗದಿರಲಿ ಅಂತ ಕೀಮೋ ಔಷಧಿ ಮೈಗೆ ಹೋಗುತ್ತಿರುವಾಗ ಐಸ್ ಚೀಪುವುದು ಕೆಲವು ಔಷಧಿಗೆ ಮಾತ್ರ ಒಳ್ಳೆಯದಂತೆ, ಕೆಲವಕ್ಕೆ ಥಂಡಿ ಆಗಿಬರುವುದಿಲ್ಲವಂತೆ. ಹಾಗಾಗಿ ಅದನ್ನು ಕೇಳದೆ ಮಾಡಲಿಲ್ಲ.

ಹುಣ್ಣು ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಹತ್ತು ದಿನದ ಮೇಲೆ ಆಯಿ ಮೆತ್ತನೆ ಅನ್ನಕ್ಕೆ ಖಾರವಿಲ್ಲದ ತಂಬುಳಿ ಕಲಸಿ ಉಂಡಳು. "ಆ ಕೂಸು ಯಾರ ಮನೆಯದೋ, ಕೇಳಲಿಲ್ಲವಲ್ಲೋ" ಅಂತ ನನಗೇ ಬೈದಳು.

ಚೀಟಿ ಇನ್ನೂ ಫ್ರಿಜ್ ಮೇಲಿದೆ ಅಕ್ಕಾ.