ತುರ್ತಿಗೆ ಯಾರ ನಂಬರ್ ಬರೆದುಕೊಳ್ಳಲಿ?

ಪ್ರೀತಿಯ ಕ್ಯಾಪ್ಟನ್,

ಫೋನಿನಲ್ಲಿ ಹೇಳೋಣ ಅಂದರೆ ನೀನು ಅರ್ಧಕ್ಕೇ ಮಾತನ್ನು ಕ್ರಿಕೆಟ್ಟಿಗೆ ಎಳೆದುಕೊಂಡು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಬರೆದದ್ದನ್ನು ಎಲ್ಲರೂ ಓದೋ ಹಾಗೆ ಹಾಕುತ್ತಿರುವುದಕ್ಕೂ ಕಾರಣ ಇದೆ. ಇದರಲ್ಲಿ ಕೆಲವು ನಂಬರುಗಳಿವೆ, ಅವು ನಿನ್ನೊಬ್ಬನ ಹತ್ತಿರವೇ ಉಳಿಯಬಾರದು. ಅರಸೀಕೆರೆ ಪ್ಯಾಸೆಂಜರ್ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ವಿಷಯ ದೊಡ್ಡಮ್ಮನದು. ತಿಪಟೂರು ಕಡೆಯ ದೊಡ್ಡಮ್ಮ, ಗೊತ್ತಲ್ಲ, ಇವತ್ತಿಗೂ 'ಆ ಸಣಕಲ ಹೆಂಗಿದಾನೆ' ಅಂತ ನಿನ್ನನ್ನು ವಿಚಾರಿಸುವವಳು. ದೊಡ್ಡಪ್ಪ ಹೋದ ಮೇಲೆ ಒಬ್ಬಳೇ ಇದ್ದಾಳೆ. ಮಕ್ಕಳಿಲ್ಲ. ಸಂಧ್ಯಾ ಸುರಕ್ಷಾದ ತಿಂಗಳ 1200 ರೂಪಾಯಿ, ಗೃಹಲಕ್ಷ್ಮಿಯ 2000, ರೇಷನ್ ಅಕ್ಕಿ, ಹಿತ್ತಲಲ್ಲಿ ಒಂದಿಷ್ಟು ತೆಂಗಿನ ಮರ. ಇಷ್ಟರಲ್ಲೇ ಅವಳ ಸಂಸಾರ. ಈ ವರ್ಷ ದುಡ್ಡು ಬರುವುದು ನಿಂತುಬಿಟ್ಟಿದೆ. ಅವಳು ಯಾರಿಗೂ ಹೇಳಿಲ್ಲ. 'ಕೊಡೋವಾಗ ಕೊಟ್ರು, ಈಗ ನಿಲ್ಸಿದಾರೆ' ಅಂತ ಸುಮ್ಮನಾಗಿದ್ದಾಳೆ. ರಾತ್ರಿ ಹೊತ್ತು ಅವರ ಮನೆಯಲ್ಲಿ ಒಲೆ ಹಚ್ಚುತ್ತಿಲ್ಲ ಅಂತ ಪಕ್ಕದ ಮನೆಯವರು ಫೋನ್ ಮಾಡಿ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಯಾರನ್ನು ಕೇಳೋದು ಹೇಳು? ಬ್ಯಾಂಕಿನಲ್ಲಿ ಕೇಳಿದರೆ ನಾಡಕಚೇರಿ ಅಂದರು, ನಾಡಕಚೇರಿಯಲ್ಲಿ ಬ್ಯಾಂಕು ಅಂದರು. ಆಮೇಲೆ ನಾನು 14567ಕ್ಕೆ ಫೋನ್ ಮಾಡಿದೆ. ಹಿರಿಯರ ಸಹಾಯವಾಣಿ. 2021ರ ಅಕ್ಟೋಬರ್ 1ರಿಂದ ದೇಶಕ್ಕೆಲ್ಲ ಒಂದೇ ನಂಬರ್. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ವಾರದ ಏಳೂ ದಿನ, ದುಡ್ಡು ಕಟ್ಟುವ ಹಾಗಿಲ್ಲ. ನಮ್ಮ ರಾಜ್ಯದಿಂದ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಪಿಂಚಣಿ, ಕಾನೂನು, ಹತ್ತಿರದ ವೃದ್ಧಾಶ್ರಮ, ಬೀದಿಗೆ ಬಿದ್ದ ಹಿರಿಯರು, ಸುಮ್ನೆ ಮನಸ್ಸಿಗೆ ಬೇಜಾರು, ಯಾವುದಕ್ಕಾದರೂ ಸರಿ.

ಫೋನ್ ಎತ್ತಿದ ಹೆಣ್ಣುಮಗಳು ಕೇಳಿದ ಮೊದಲನೇ ಪ್ರಶ್ನೆಗೇ ನನಗೆ ಧೈರ್ಯ ಬಂತು. 'ಎರಡೂ ಒಂದೇ ಸಲ ನಿಂತವಾ ಸಾರ್?' ಹೌದು, ಎರಡೂ ಒಂದೇ ತಿಂಗಳಲ್ಲಿ ನಿಂತಿದ್ದವು. 'ಹಾಗಿದ್ರೆ ನಿಂತಿರಲಿಕ್ಕಿಲ್ಲ, ಬೇರೆ ಕಡೆ ಹೋಗ್ತಿರಬಹುದು' ಅಂದರು. ಇದನ್ನು ನಿನಗೂ ಸರಿಯಾಗಿ ಹೇಳಬೇಕು, ಯಾಕಂದರೆ ಊರಲ್ಲಿ ಎಷ್ಟೋ ಜನರಿಗೆ ಹೀಗೇ ಆಗುತ್ತಿರುತ್ತದೆ. ಈ ದುಡ್ಡು ಪಾಸ್‌ಬುಕ್ ನಂಬರ್ ನೋಡಿಕೊಂಡು ಬರುವುದಿಲ್ಲ, ಆಧಾರ್ ನೋಡಿಕೊಂಡು ಬರುತ್ತದೆ. ಒಬ್ಬರಿಗೆ ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಯಾವುದಕ್ಕೆ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಬ್ಯಾಂಕಿನವರು 'ಎನ್‌ಪಿಸಿಐ ಮಾಡಿಸಿ' ಅನ್ನುತ್ತಾರಲ್ಲ, ಅದು ಇದೇ. ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಒಳಗೆ ಹೋದರೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ತೋರಿಸುತ್ತದೆ. ದೊಡ್ಡಮ್ಮನ ಆಧಾರ್‌ಗೆ ಕೊಟ್ಟಿದ್ದು ನನ್ನದೇ ಮೊಬೈಲ್ ನಂಬರ್. ಅವರು ಲೈನಿನಲ್ಲಿ ಇರುವಾಗಲೇ ನೋಡಿದೆ. ನಾವು ಯಾರೂ ಕೇಳಿರದ ಬ್ಯಾಂಕಿನ ಹೆಸರು ಇತ್ತು. ಊರಲ್ಲಿ ಯಾವಾಗಲೋ ಖಾತೆ ತೆರೆಯುವ ಕ್ಯಾಂಪ್ ಮಾಡಿದಾಗ ಎಲ್ಲರ ಜೊತೆ ಅವಳೂ ಹೋಗಿ ಹೆಬ್ಬೆಟ್ಟು ಒತ್ತಿ ಬಂದಿದ್ದಾಳೆ. ದುಡ್ಡೆಲ್ಲ ಅಲ್ಲೇ ಸೇರುತ್ತಿತ್ತು. ಒಂದು ರೂಪಾಯಿಯೂ ಹೋಗಿರಲಿಲ್ಲ.

ಊರಿಗೆ ಹೋಗಿ, ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ತೆಗೆದುಕೊಡುವ ಬ್ಯಾಂಕ್ ಮಿತ್ರನ ಅಂಗಡಿಗೆ ಕರೆದುಕೊಂಡು ಹೋದೆ. ಹೆಬ್ಬೆಟ್ಟು ಹೊಂದಲಿಲ್ಲ. ವಯಸ್ಸು ಒಂದು ಕಡೆ, ಇಷ್ಟು ವರ್ಷ ಕಾಯಿ ಸುಲಿದ ಕೈ ಇನ್ನೊಂದು ಕಡೆ. ಬೆರಳ ತುದಿಯಲ್ಲಿ ಗೆರೆಯೇ ಇಲ್ಲ, ನುಣ್ಣಗೆ ಹೊಳೆಯುತ್ತದೆ. ಸೆರಗಿಗೆ ಉಜ್ಜಿ ಉಜ್ಜಿ ಇಟ್ಟಳು. ಮಷೀನು ಕೆಂಪು ದೀಪ ತೋರಿಸುತ್ತಲೇ ಇತ್ತು. ಆ ಹುಡುಗ ಬೇಸರ ಮಾಡಿಕೊಳ್ಳಲಿಲ್ಲ. 'ಅಜ್ಜಿ, ಹತ್ತು ಬೆರಳೂ ಆಧಾರ್‌ನಲ್ಲಿ ಇರ್ತವೆ, ಒಂದೊಂದೇ ನೋಡೋಣ' ಅಂತ ಒದ್ದೆ ಬಟ್ಟೆ ಕೊಟ್ಟ. ಕೊನೆಗೆ ಎಡಗೈ ಉಂಗುರದ ಬೆರಳು ಹೊಂದಿತು. ನೋಟು ಎಣಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ದೊಡ್ಡಮ್ಮ ಅಂದಿದ್ದು ಒಂದೇ ಮಾತು: 'ಈ ಬೆರಳು ಯಾವತ್ತೂ ಏನೂ ಕೆಲಸ ಮಾಡಿರಲಿಲ್ಲ ನೋಡು.'

ಇಷ್ಟು ಆಗಿದ್ದರೆ ನಿನಗೆ ಪತ್ರ ಬರೆಯುತ್ತಿರಲಿಲ್ಲ.

ಸಹಾಯವಾಣಿಯವರು 'ಅಮ್ಮನ ಜೊತೆ ನಾನೇ ಒಂದು ಸಲ ಮಾತಾಡಲಾ' ಅಂತ ಕೇಳಿದ್ದರು. ನಂಬರ್ ಕೊಟ್ಟಿದ್ದೆ. ಅವರ ಹತ್ತಿರ ದೊಡ್ಡಮ್ಮ ಎಷ್ಟು ಮಾತಾಡಿದ್ದಾಳೆ ಗೊತ್ತಾ? ನಮ್ಮ ಹತ್ತಿರ ಯಾವತ್ತೂ ಆಡದ ಮಾತು. ಸಾಯೋದಕ್ಕೆ ಭಯ ಇಲ್ಲವಂತೆ. ರಾತ್ರಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದು, ಬೆಳಗಾಗುವ ತನಕ ಯಾರಿಗೂ ತಿಳಿಯದೆ ಹೋದರೆ ಅನ್ನೋದು ಭಯವಂತೆ. ಅದಕ್ಕೇ ರಾತ್ರಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ, ಏಳುವುದೇ ಬೇಡ ಅಂತ. ಒಲೆ ಹಚ್ಚದೆ ಇರುವುದಕ್ಕೂ ದುಡ್ಡಿನ ಜೊತೆ ಇದೂ ಕಾರಣ. ಅವರು ನನಗೆ ಇದನ್ನೆಲ್ಲ ದೊಡ್ಡಮ್ಮನ ಒಪ್ಪಿಗೆ ಕೇಳಿಯೇ ಹೇಳಿದರು. ಆ ಮರ್ಯಾದೆ ನನಗೆ ತುಂಬ ಇಷ್ಟವಾಯಿತು.

ನಮ್ಮೂರಲ್ಲೇ ಏನೇನಿದೆ ಅಂತಲೂ ಅವರೇ ಹೇಳಿದರು. ಗ್ರಾಮ ಪಂಚಾಯಿತಿಯಲ್ಲಿ ಒಬ್ಬ ವಿಆರ್‌ಡಬ್ಲ್ಯು ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅವರನ್ನು ಹೋಗಿ ನೋಡಿ ಅಂದರು. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಇಲಾಖೆಯ ಕಡೆಯಿಂದ ಊರಿನ ಅಂಗವಿಕಲರೊಬ್ಬರನ್ನೇ ಈ ಕೆಲಸಕ್ಕೆ ಇಟ್ಟಿರುತ್ತಾರೆ. ಹೋಗಿ ನೋಡಿದರೆ ಯಾರು ಅಂತೀಯ! ಬಸ್ ಸ್ಟ್ಯಾಂಡ್ ಹಿಂದಿನ ಮನೆಯವನು, ಮೂರು ಚಕ್ರದ ಗಾಡಿಯಲ್ಲಿ ಓಡಾಡುತ್ತಾನಲ್ಲ, ನಮ್ಮ ಜೊತೆ ಗೋಲಿ ಆಡಿದವನು. ದೊಡ್ಡಮ್ಮನ ಕಿವಿ, ಮಂಡಿ ಎರಡನ್ನೂ ಬರೆದುಕೊಂಡ. ವಯೋಶ್ರೀ ಯೋಜನೆಯ ಕ್ಯಾಂಪ್ ಬಂದರೆ ಕಿವಿಯ ಮಷೀನು, ಊರುಗೋಲು ಕೊಡುತ್ತಾರೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದ. ನಮ್ಮೂರವನ ಕೆಲಸ ಏನು ಅಂತ ನನಗೆ ಸಹಾಯವಾಣಿ ಹೇಳಬೇಕಾಯಿತು. ಈ ನಂಬರನ್ನು ನ್ಯಾಯಬೆಲೆ ಅಂಗಡಿಯ ಗೋಡೆ ಮೇಲೆ ಬರೆಸಬೇಕು ಕಣೋ. ಕಚೇರಿಯ ಒಳಗೆ ಬರೆದರೆ ಪ್ರಯೋಜನ ಇಲ್ಲ. ದೊಡ್ಡಮ್ಮನಂಥವರು ತಪ್ಪದೆ ಹೋಗುವ ಜಾಗ ಎಂದರೆ ರೇಷನ್ ಅಂಗಡಿ ಒಂದೇ.

ಆಮೇಲೆ ಅವರು ನಿಧಾನಕ್ಕೆ ಇನ್ನೊಂದು ಕೇಳಿದರು. 'ಮನೆ, ಮರ ಯಾರಿಗೆ ಸೇರುತ್ತೆ ಸಾರ್?' ಹಿರಿಯರ ಪಾಲನೆ ಪೋಷಣೆಗೆ ಅಂತ ಮಾಡಿದ 2007ರ ಕಾಯ್ದೆಯಲ್ಲಿ ಇದೆ. ಮಕ್ಕಳಿಲ್ಲದ ಹಿರಿಯರ ಆಸ್ತಿ ಯಾರಿಗೆ ಸೇರಬೇಕೋ ಅವರೇ ಅವರನ್ನು ನೋಡಿಕೊಳ್ಳಬೇಕು. ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುತ್ತಾರೆ. ನಾನು 'ನನಗೇ ಅಂತ ಹೇಳಿದ್ದಾಳೆ' ಅಂದೆ. 'ಹಾಗಿದ್ರೆ ತುರ್ತಿಗೆ ಯಾರ ನಂಬರ್ ಬರೆದುಕೊಳ್ಳಲಿ?' ನನ್ನದೇ ಬರೆದುಕೊಳ್ಳಿ ಅಂದೆ. ರಾತ್ರಿ 8ರ ಮೇಲೆ ಏನಾದರೂ ಆದರೆ 112ಕ್ಕೆ ಮಾಡಿ ಅಂತ ಹೇಳಿ ಇಟ್ಟರು.

ಅವರ ಕೆಲಸ 8ಕ್ಕೆ ಮುಗಿಯುತ್ತದೆ, ದೊಡ್ಡಮ್ಮನ ಭಯ ಶುರುವಾಗುವುದೇ ಆಮೇಲೆ. ನನ್ನದೂ ಅವತ್ತು ಹಾಗೇ ಆಯಿತು. ಬೆಂಗಳೂರಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಆ ಪ್ರಶ್ನೆ ಬಿಡಲೇ ಇಲ್ಲ. ತುರ್ತಿಗೆ ಯಾರ ನಂಬರ್? ದೊಡ್ಡಮ್ಮನಿಗೆ ನಾನಿದ್ದೇನೆ. ನನ್ನ ಫಾರಂ ತುಂಬುವಾಗ ಏನು ಬರೆಸೋದು? ಮದುವೆ ಆಗಲಿಲ್ಲ, ಆ ಕಥೆ ನಿನಗೆ ಗೊತ್ತು. ಅಮ್ಮ ಇಲ್ಲ. ಬಾಡಿಗೆ ಮನೆ. ನನ್ನ ಆಸ್ತಿಗಾಗಿ ನನ್ನನ್ನು ನೋಡಿಕೊಳ್ಳಬೇಕು ಅಂತ ಯಾವ ಕಾಯ್ದೆ ಯಾರಿಗೆ ಹೇಳುತ್ತದೆ? ನನಗೇ ಗೊತ್ತಿಲ್ಲದೆ ಬಚ್ಚಲ ಬಾಗಿಲ ಚಿಲಕ ಹಾಕದೆ ಹೋಗಿ ಬಂದೆ. ಎದೆ ಹೊಡೆದುಕೊಳ್ಳುತ್ತಿತ್ತು, ಡಾಕ್ಟರಿಗೆ ಹೇಳುವಂಥದ್ದೇನೂ ಇರಲಿಲ್ಲ. ನಿನಗೆ ಫೋನ್ ಮಾಡೋಣ ಅಂತ ಹೆಸರು ತೆಗೆದೆ. ನಿನ್ನ ಮಗಳ ಪರೀಕ್ಷೆ ಇತ್ತಲ್ಲ, ಬಿಟ್ಟೆ. 14416ಕ್ಕೆ ಮಾಡಿದೆ.

ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಇಪ್ಪತ್ನಾಲ್ಕು ಗಂಟೆಯೂ ಇರುತ್ತಾರೆ. ಒಬ್ಬರು ಎತ್ತಿಕೊಂಡರು, ಆತುರಪಡಿಸಲಿಲ್ಲ. ನಾನು ಏನೇನು ಹೇಳಿದೆ ಅನ್ನೋದು ಪೂರ್ತಿ ನೆನಪಿಲ್ಲ. ಒಂದು ಜಾಗದಲ್ಲಿ ಅವರು 'ನಿಮಗೆ ಹತ್ತಿರದವರು ಅಂತ ಯಾರ ಹೆಸರು ಹೇಳ್ತೀರಿ' ಅಂತ ಕೇಳಿದರು. ನಿನ್ನ ಹೆಸರು ಹೇಳಿದೆ ಕಣೋ. ಕೇಳಿ ಹೇಳಬೇಕಿತ್ತೋ ಏನೋ, ಬಾಯಿಗೆ ಬಂದಿದ್ದು ಅದೇ. ಹೇಳಿದ ಮೇಲೆ ನಿದ್ದೆ ಬಂತು.

ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಈಗ ಅಳಿಸುವುದಿಲ್ಲ. ಆದರೆ ಇದನ್ನು ಓದಿದ ತಕ್ಷಣ ಫೋನ್ ಮಾಡಿ 'ಹೇಗಿದ್ದೀಯ, ಹುಷಾರಾ' ಅಂತ ದನಿ ಬದಲಾಯಿಸಿ ಮಾತಾಡಬೇಡ. ನಿನ್ನ ಆ ದನಿ ಹೆಡ್ ಮಾಸ್ಟರ ರೂಮಿನಲ್ಲಿ ಒಂದು ಸಲ ಕೇಳಿದ್ದೇ ಸಾಕು.

ದೊಡ್ಡಮ್ಮ ಸಣಕಲನಿಗೆ ಅಂತ ಒಂದು ಡಬ್ಬಿ ತಂಬಿಟ್ಟು, ಎರಡು ಕೆಜಿ ಕೊಬ್ಬರಿ ಕೊಟ್ಟಿದ್ದಾಳೆ. ತಂಬಿಟ್ಟು ಬೇಗ ಖಾಲಿಯಾಗುತ್ತದೆ, ಭಾನುವಾರ ಬಂದರೆ ನಿನಗೂ ಸಿಗುತ್ತದೆ. ಬರುವಾಗ ನಿಮ್ಮತ್ತೆಯ ಆಧಾರ್ ಕಾರ್ಡು ತೆಗೆದುಕೊಂಡು ಬಾ. ಅವರಿಗೂ ಪಿಂಚಣಿ ಬಂದಿಲ್ಲ ಅಂತ ಆವತ್ತು ಹೇಳುತ್ತಿದ್ದೆಯಲ್ಲ, ಯಾವ ಬ್ಯಾಂಕಿಗೆ ಹೋಗಿ ಕೂತಿದೆ ಅಂತ ನೋಡಿಬಿಡೋಣ. ಒಟಿಪಿ ಬರುವ ಫೋನು ಯಾವುದು ಅಂತ ಮೊದಲೇ ಕೇಳಿಕೋ.

ನಿನ್ನವ,
ನಿನ್ನ ಓಪನಿಂಗ್ ಜೋಡಿ